ಬೀದಿಯ ತುದಿಗೆ ಕಾಣಬೇಕಾದ ದೀಪ

“ಹಳೇ ಕಾರಿನ ಮುಖ ನೋಡಕ್ಕ, ಥೇಟ್ ಮನುಷ್ಯರ ಮುಖದ ಹಾಗೇ ಇರುತ್ತೆ. ಎರಡು ದುಂಡು ಕಣ್ಣು, ಅಂದ್ರೆ ಹೆಡ್‌ಲೈಟು. ಅದರ ಕೆಳಗೆ ನಿಂಬೆಹಣ್ಣಿನ ಗಾತ್ರದ ಎರಡು ಇಂಡಿಕೇಟರ್. ಈ ಕಡೆ ತಿರುಗ್ತೀನಿ, ಆ ಕಡೆ ತಿರುಗ್ತೀನಿ ಅಂತ ಎದುರಿನೋರಿಗೆ ಹೇಳೋದು ಅವೇ. ಈಗಿನೋರಿಗೆ ಅವು ಬೇಡ. ಹೊಸಾ ಹೆಡ್‌ಲೈಟ್ ಬಂದಿದೆ, ಅದರ ಅಂಚಿಗೆ ಬಳೆ ತೊಡಿಸಿದ ಹಾಗೆ ಸುತ್ತಲೂ ದೀಪ. ಸುಮ್ನೆ ಹೋಗ್ತಿದ್ರೆ ಬಳೆ ಬೆಳ್ಳಗಿರುತ್ತೆ, ತಿರುಗೋಕೆ ಸ್ವಿಚ್ ಹಾಕಿದ್ರೆ ಅದೇ ಬಳೆ ಹಳದಿಯಾಗಿ ಮಿಟುಕುತ್ತೆ. ಕಣ್ಣಲ್ಲೇ ಎಲ್ಲಾ ಮಾತು. ಚೆಂದ ಏನೋ ಚೆಂದವೇ. ಆದ್ರೆ ಹಳೇ ವೈರಿಂಗಿಗೂ ಅದಕ್ಕೂ ಅತ್ತೆ ಸೊಸೆ ಸಂಬಂಧ. ಹೊಸ ದೀಪ ಕರೆಂಟ್ ಕುಡಿಯೋದು ಗುಟುಕಿನಷ್ಟು. ಇಂಡಿಕೇಟರ್ ಮಿಟುಕಿಸೋ ಹಳೇ ಫ್ಲ್ಯಾಷರಿಗೆ ಎಲ್ಲೋ ಬಲ್ಬ್ ಸುಟ್ಟುಹೋಗಿದೆ ಅಂತ ಗಾಬರಿ, ಟಕಟಕಟಕ ಅಂತ ಎದೆ ಹೊಡ್ಕೊಳ್ಳುತ್ತೆ. ಅದನ್ನ ಬದಲಾಯಿಸ್ಬೇಕು. ಹಳದಿ ಮಾತಾಡೋವಾಗ ಬಿಳಿ ಬಾಯಿ ಮುಚ್ಕೊಂಡಿರೋ ಹಾಗೆ ವೈರು ಬೇರೆ ಮಾಡ್ಬೇಕು. ಇಷ್ಟೆಲ್ಲ ಒಬ್ಬನೇ ಮಾಡಬಹುದು. ಕೊನೇದೊಂದು ಮಾತ್ರ ಒಬ್ಬನ ಕೈಲಿ ಆಗಲ್ಲ. ಬಿಸಿಲಲ್ಲಿ ಕಾಣುತ್ತಾ ಅಂತ ನೋಡೋದು. ಸ್ವಿಚ್ ಹಾಕಿದೋನಿಗೆ ಯಾವ ಕಡೆ ಮಿಟುಕ್ತಿದೆ ಅಂತ ಮೊದಲೇ ಗೊತ್ತಲ್ವಾ? ಗೊತ್ತಿರೋನ ಕಣ್ಣು ಸುಳ್ಳು ಹೇಳುತ್ತೆ. ಇಲ್ಲದ್ದನ್ನೂ ಇದೆ ಅನ್ನುತ್ತೆ. ಗೊತ್ತಿಲ್ಲದೋನು ಒಬ್ಬ ಬೀದಿ ತುದೀಲಿ ನಿಂತಿರ್ಬೇಕು.”

ಇದು ನನ್ನ ಚಿಕ್ಕ ತಮ್ಮ ಹೇಳಿದ ಮಾತು. ನಾನು ಓದಿದ್ದು ಕಡಿಮೆ, ಕೇಳಿದ್ದು ಜಾಸ್ತಿ. ಇರುವುದು ಅವನ ಶೆಡ್ಡಿನ ಹಿಂದಿನ ಕೋಣೆಯಲ್ಲಿ. ಅವನು ಕೆಲಸ ಮಾಡುತ್ತಾ ಮಾತಾಡಿದ್ದೆಲ್ಲ ಸೊಪ್ಪು ಬಿಡಿಸುತ್ತಾ ಕೂತ ನನ್ನ ಕಿವಿಗೆ ಬೀಳುತ್ತಿತ್ತು.

ಅವನಿಗೆ ಬೀದಿಯವರು ಇಟ್ಟ ಹೆಸರು ಫ್ಯೂಸ್. ಕರೆಂಟ್ ಕೆಲಸದವನು ಅನ್ನುವುದಕ್ಕಲ್ಲ. ಚಿಕ್ಕವನಿದ್ದಾಗಿನಿಂದ ಅವನ ರೀತಿಯೇ ಹಾಗೆ. ಯಾರಾದರೂ ಕೆಣಕಿದರೆ ಪಟ್ ಅಂತ ಒಂದು ಮಾತು ಆಡಿಬಿಡುವುದು, ಆಮೇಲೆ ಕತ್ತಲೆ. ಕರೆದರೆ ಓಗೊಡುವುದಿಲ್ಲ, ಬಡಿಸಿದರೆ ಉಣ್ಣುವುದಿಲ್ಲ. ನಮ್ಮಪ್ಪ ಗದರಿಸುತ್ತಿರಲಿಲ್ಲ. “ಬಿಡು, ಫ್ಯೂಸ್ ಹೋಗಿದೆ. ಅಣ್ಣ ಬರ್ಲಿ, ಹಾಕ್ತಾನೆ” ಅನ್ನುತ್ತಿದ್ದರು. ನನ್ನ ಇನ್ನೊಬ್ಬ ತಮ್ಮ, ದೊಡ್ಡವನು, ಬಂದು ಬೆನ್ನ ಮೇಲೆ ಒಂದು ಗುದ್ದುತ್ತಿದ್ದ. ಇವನು ನಗುತ್ತಿದ್ದ. ಅಷ್ಟೇ ಮದ್ದು.

ಅಪ್ಪನದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಅವರು ಹೋದ ಮೇಲೆ ಅದೇ ಜಾಗದಲ್ಲಿ ಅಣ್ಣತಮ್ಮ ಅಕ್ಕಪಕ್ಕ ಶೆಡ್ ಹಾಕಿದರು. ದೊಡ್ಡವನದು ಟಿಂಕರಿಂಗ್: ನೆಗ್ಗಿದ್ದನ್ನು ಎತ್ತುವುದು, ತೂತು ಮುಚ್ಚುವುದು, ಬಣ್ಣ ಹೊಡೆಯುವುದು. ಚಿಕ್ಕವನದು ವೈರಿಂಗ್. ನಡುವೆ ತಗಡಿನ ಗೋಡೆ. ಅದರಲ್ಲೊಂದು ಕಿಂಡಿ ಬಿಟ್ಟಿದ್ದರು. ಸ್ಪ್ಯಾನರ್, ಟೀ ಲೋಟ, ಬೈಗುಳ ಎಲ್ಲ ಅದರಲ್ಲೇ ಆಚೀಚೆ ಹೋಗುತ್ತಿದ್ದವು.

ಇಬ್ಬರ ನಡುವೆ ಒಂದು ಪದ್ಧತಿಯಿತ್ತು, ಅಪ್ಪನ ಕಾಲದಿಂದ ಬಂದದ್ದು. ಯಾವ ಕಾರಿಗೆ ದೀಪ ಹಾಕಿದರೂ ನಡುಮಧ್ಯಾಹ್ನ ಅದನ್ನು ಬೀದಿಗೆ ತಂದು ನಿಲ್ಲಿಸಬೇಕು. ಚಿಕ್ಕವನು ಸೀಟಿನಲ್ಲಿ. ದೊಡ್ಡವನು ಬೀದಿಯ ತುದಿಗೆ ಹೋಗಿ ಹಿಟ್ಟಿನ ಗಿರಣಿಯ ಹತ್ತಿರ ಕಾರಿಗೆ ಬೆನ್ನು ಹಾಕಿ ನಿಲ್ಲಬೇಕು. ಹಾರ್ನ್ ಕೇಳಿದ ಕೂಡಲೇ ತಿರುಗಿ ನೋಡಿ, ಯಾವ ಕಡೆ ಮಿಟುಕುತ್ತಿದೆಯೋ ಆ ಕಡೆಯ ಕೈ ಎತ್ತಬೇಕು. ಕಾಣಿಸದಿದ್ದರೆ ಎರಡೂ ಕೈ ಕೆಳಗೆ. ಕೂಗಿ ಹೇಳುವ ಹಾಗಿಲ್ಲ, ಊಹೆ ಮಾಡುವ ಹಾಗಿಲ್ಲ. ಈ ಪರೀಕ್ಷೆ ಆಗದೆ ಹಳೆಯ ಇಂಡಿಕೇಟರಿನ ತೂತು ಮುಚ್ಚುವ ಮಾತೇ ಇಲ್ಲ. ಗಿರಣಿಯವನು ತಮಾಷೆ ಮಾಡುತ್ತಿದ್ದ: “ಏನ್ ದೊಡ್ಡಣ್ಣ, ಯಾರ್ಗೆ ಓಟು ಹಾಕ್ತಿದೀರ?” ದೊಡ್ಡವನು ಕೈ ಇಳಿಸದೆ ಅನ್ನುತ್ತಿದ್ದ, “ನಮ್ ತಮ್ಮನಿಗೇ. ಬೇರೆ ಯಾರಿದ್ದಾರೆ?”

ಹೀಗಿರುವಾಗ ಹಲ್ಲಿನ ಡಾಕ್ಟರು ಬಂದರು. ಅವರ ಮಾವ ಬಿಟ್ಟುಹೋದ ಹಳೆಯ ಕಾರು, ಹಾಲಿನ ಕೆನೆಯ ಬಣ್ಣದ್ದು. ಬಳೆಯ ದೀಪ ಹಾಕಬೇಕು, ಕೆಳಗಿನ ಪುಟ್ಟ ಇಂಡಿಕೇಟರ್ ತೆಗೆದು ನುಣ್ಣಗೆ ಮಾಡಬೇಕು ಅಂದರು. “ಮೊಡವೆ ಥರ ಕಾಣುತ್ತೆ” ಅಂದರು. ಬಾಯೊಳಗಿನ ತೂತು ಮುಚ್ಚುವವರಿಗೆ ಕಾರಿನ ತೂತು ಮುಚ್ಚುವವನ ಕೆಲಸ ಬಹಳ ಹಿಡಿಸಿತು. ದೊಡ್ಡವನ ಜೊತೆ ಕುರ್ಚಿ ಎಳೆದುಕೊಂಡು ಹರಟಿದರು. ಮಾತಿಗೆ ಮಾತು ಬಂದು, ಬೀದಿಯಲ್ಲಿ ಎಲ್ಲರೂ ತಮ್ಮನ ಹೆಸರು ಹೇಳುತ್ತಾರೆ, ನಿಮ್ಮದು ಯಾರೂ ಹೇಳುವುದಿಲ್ಲವಲ್ಲ ಅಂದರು.

“ನನ್ ಕೆಲ್ಸ ಕಾಣಬಾರದು ಡಾಕ್ಟ್ರೇ, ಕಂಡ್ರೆ ಕೆಟ್ಟಿದೆ ಅಂತ. ಅವನ್ದು ಕಾಣಬೇಕು. ಅದಕ್ಕೇ ಹೆಸರು ಅವನ್ಗೆ, ಕೆಮ್ಮು ನನಗೆ” ಅಂದ ದೊಡ್ಡವನು, ಬಣ್ಣದ ಧೂಳು ಒರೆಸಿಕೊಳ್ಳುತ್ತಾ. ನಕ್ಕೇ ಹೇಳಿದ್ದು.

ಕಿಂಡಿಯ ಆಚೆಯಿಂದ ಚಿಕ್ಕವನ ದನಿ ಬಂತು. “ಮುಚ್ಚೋದ್ರಲ್ಲಿ ನಮ್ಮಣ್ಣನ್ನ ಮೀರಿಸೋರಿಲ್ಲ ಡಾಕ್ಟ್ರೇ. ಮನೇಲೂ ಅಷ್ಟೇ. ಮಗಳು ಗಂಡನ್ನ ಬಿಟ್ಟು ಬಂದು ಕೂತಿದ್ರೂ, ರಜಕ್ಕೆ ಬಂದಿದಾಳೆ ಅಂತ ಬಣ್ಣ ಹೊಡ್ದಿದಾನೆ ನೋಡಿ, ಒಂದು ಗೆರೆ ಕಾಣ್ಸಲ್ಲ.”

ನಾನು ಬಿಡಿಸುತ್ತಿದ್ದ ಸೊಪ್ಪು ಕೈಯಲ್ಲೇ ಉಳಿಯಿತು. ಆ ಹುಡುಗಿ ಆಗ ದೊಡ್ಡವನ ಶೆಡ್ಡಿನ ಬಾಗಿಲಲ್ಲೇ ಅಪ್ಪನಿಗೆ ಟೀ ಹಿಡಿದುಕೊಂಡು ನಿಂತಿದ್ದಳು. ಚಿಕ್ಕವನಿಗೆ ಅದು ಕಾಣಿಸುತ್ತಿರಲಿಲ್ಲ. ಕಿಂಡಿ ಅಷ್ಟು ದೊಡ್ಡದಲ್ಲ. ಲೋಟವನ್ನು ಸದ್ದಿಲ್ಲದೆ ಬೆಂಚಿನ ಮೇಲಿಟ್ಟು ಹೋದಳು. ಡಾಕ್ಟರು ಗಡಿಯಾರ ನೋಡಿಕೊಂಡರು.

ದೊಡ್ಡವನು ಲೋಟ ಎತ್ತಿಕೊಂಡ. ಟೀ ಕುಡಿದ. ಒಂದು ತಗಡಿನ ಚೂರು ತಂದು ಕಿಂಡಿಗೆ ಇಟ್ಟು ಮೊಳೆ ಹೊಡೆದ. ಆಮೇಲೆ ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಪುಟ್ಟ ಇಂಡಿಕೇಟರುಗಳನ್ನು ಕಿತ್ತು, ಪರೀಕ್ಷೆಗೂ ಕಾಯದೆ ತೂತಿಗೆ ತಗಡು ಬೆಸೆದ. ಪುಟ್ಟಿ ಹಚ್ಚಿದ. ಉಜ್ಜಿದ. ಬಣ್ಣ ಒಣಗಿದ ಮೇಲೆ ಕೈಯಾಡಿಸಿದರೂ ಅಲ್ಲೊಂದು ತೂತಿತ್ತು ಅಂತ ಗೊತ್ತಾಗುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಅವನು ಯಾವತ್ತೂ ಮುಚ್ಚಿರಲಿಲ್ಲ.

ಚಿಕ್ಕವನು ಬಂದು ನೋಡಿದ. ಇನ್ನೂ ದೀಪವನ್ನೇ ಹಾಕಿಲ್ಲ, ಯಾಕೆ ಮುಚ್ಚಿದೆ ಅಂತ ಕೇಳಬೇಕಿತ್ತು. ಕೇಳಲಿಲ್ಲ. ಅವನ ಫ್ಯೂಸ್ ಹೋಗಿತ್ತು. ಈ ಸಲ ಬೆನ್ನಿಗೆ ಗುದ್ದುವವನು ಬರಲಿಲ್ಲ.

ನಾನು ಇಬ್ಬರಿಗೂ ಹೇಳಿ ನೋಡಿದೆ. “ಹೋಗಿ ಆ ಹುಡುಗಿ ಹತ್ರ ಒಂದು ಮಾತು ಆಡೋ” ಅಂದೆ ಚಿಕ್ಕವನಿಗೆ. “ಸುಳ್ಳೇನೂ ಹೇಳಿಲ್ವಲ್ಲಕ್ಕ” ಅಂದ. ದೊಡ್ಡವನಿಗೆ ಹೇಳಿದರೆ, “ನಂಗೆ ತಮ್ಮ ಇಲ್ಲ, ಪಕ್ಕದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದಾನೆ” ಅಂದ. ಇಬ್ಬರ ಕೂದಲೂ ನೆರೆತಿದೆ.

ಚಿಕ್ಕವನು ಹೊಸ ದೀಪ ಕೂರಿಸಿದ. ಫ್ಲ್ಯಾಷರ್ ಬದಲಾಯಿಸಿದ. ವೈರುಗಳನ್ನು ಹೆಣ್ಣುಮಗುವಿಗೆ ಜಡೆ ಹೆಣೆದ ಹಾಗೆ ನೀಟಾಗಿ ಹೆಣೆದು ಟೇಪು ಸುತ್ತಿದ. ಕೆಲಸದಲ್ಲಿ ಏನೂ ಕೊರತೆಯಿರಲಿಲ್ಲ. ಉಳಿದದ್ದು ಬಿಸಿಲಿನ ಪರೀಕ್ಷೆ. ಶೆಡ್ಡಿನ ಬಾಗಿಲಲ್ಲಿ ನಿಂತು ಗಿರಣಿಯ ಕಡೆ ನೋಡಿದ. ಗಿರಣಿಯವನನ್ನೇ ಕರೆಯಬಹುದಿತ್ತು. ಆದರೆ ಅವನು ಯಾಕೆ ಅಂತ ಕೇಳುತ್ತಾನೆ, ದೊಡ್ಡಣ್ಣ ಎಲ್ಲಿ ಅಂತ ಕೇಳುತ್ತಾನೆ. ನನ್ನ ಕಡೆ ತಿರುಗಿ, “ಅಕ್ಕಾ, ನೀನು ನಿಂತ್ಕೋತೀಯಾ?” ಅಂದ. ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ. “ಅಷ್ಟು ದೂರದಿಂದ ನಂಗೆ ಕಾರೇ ಕಾಣಲ್ವಲ್ಲೋ” ಅಂದೆ. ಇಬ್ಬರೂ ನಕ್ಕೆವು. ಆ ಕಾರಿನ ಲೆಕ್ಕದಲ್ಲಿ ನಾವು ನಕ್ಕಿದ್ದು ಅದೇ ಕೊನೆ.

ಶೆಡ್ಡಿನ ಶಟರನ್ನು ಅರ್ಧ ಎಳೆದು ಒಳಗಿನ ನೆರಳಿನಲ್ಲೇ ಸ್ವಿಚ್ ಹಾಕಿದ. ಇಳಿದು ಮುಂದೆ ಬಂದು ನಿಂತ. ಬಳೆ ಹಳದಿಯಾಗಿ ಮಿಟುಕಿತು. ಗೋಡೆಯೆಲ್ಲ ಅರಿಸಿನ ಬಳಿದ ಹಾಗಾಯಿತು. ನನ್ನ ಪೊರೆಯ ಕಣ್ಣಿಗೂ ಕಂಡಿತು. “ನೋಡಕ್ಕ, ನಿಂಗೇ ಕಾಣ್ತು ಅಂದ್ರೆ ಇನ್ನೇನು” ಅಂದ. ಗೊತ್ತಿರುವವನ ಕಣ್ಣಿನ ವಿಷಯ ಹೇಳಿದವನು ಅವನೇ.

ಡಾಕ್ಟರು ಬಂದು, ಕಾರಿನ ಸುತ್ತ ತಿರುಗಿ, ಮೆಚ್ಚಿಕೊಂಡು ತೆಗೆದುಕೊಂಡು ಹೋದರು. ಕೆಲವು ದಿನ ಏನೂ ಆಗಲಿಲ್ಲ.

ಆಮೇಲೊಂದು ಮಧ್ಯಾಹ್ನ ಅವರು ಊಟಕ್ಕೆ ಮನೆಗೆ ಹೊರಟಿದ್ದರು. ಅವರ ಮನೆಯ ಓಣಿ ದೊಡ್ಡ ರಸ್ತೆಯಿಂದ ಅಡ್ಡಕ್ಕೆ ಸಿಗುತ್ತದೆ. ಇಂಡಿಕೇಟರ್ ಹಾಕಿದರು, ನಿಧಾನ ಮಾಡಿದರು, ಎದುರಿನ ಸ್ಕೂಟರಿನವನು ನೋಡಿರುತ್ತಾನೆ ಅಂದುಕೊಂಡು ತಿರುಗಿಸಿದರು. ಬಿಸಿಲು ಗಾಜಿನ ಮೇಲೆ ನೇರ ಬಿದ್ದಿತ್ತು. ಸ್ಕೂಟರಿನವನಿಗೆ ಎರಡು ಹೊಳೆಯುವ ಗಾಜು ಕಂಡವು, ಅಷ್ಟೇ. ಕಾರು ನೆಟ್ಟಗೆ ಬರುತ್ತಿದೆ ಅಂತ ಅವನೂ ನೆಟ್ಟಗೆ ಬಂದ. ಆ ಸ್ಕೂಟರಿನಲ್ಲಿದ್ದವನು, ಮುಂದೆ ಬಣ್ಣದ ಡಬ್ಬ ಇಟ್ಟುಕೊಂಡು ಬರುತ್ತಿದ್ದ ನಮ್ಮ ದೊಡ್ಡವನು.

ಡಾಕ್ಟರೇ ಆಸ್ಪತ್ರೆಗೆ ಸೇರಿಸಿದರು. ಬಾಗಿಲಲ್ಲಿ ನನ್ನನ್ನು ಹಿಡಿದುಕೊಂಡು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದರು. “ನಾನು ಸ್ವಿಚ್ ಹಾಕಿದ್ದೆ ಅಮ್ಮ. ಟಿಕ್ ಟಿಕ್ ಅಂತ ಕೇಳಿಸ್ತಿತ್ತು.” ಅವರು ಸುಳ್ಳು ಹೇಳುವವರಲ್ಲ.

ಜೀವಕ್ಕೆ ಅಪಾಯವಿರಲಿಲ್ಲ. ಬಲಗೈಯ ಭುಜ ಮುರಿದಿತ್ತು, ಸುತ್ತಿಗೆ ಹಿಡಿಯುವ ಕೈ. ಚಿಕ್ಕವನು ಮೊದಲು ಕಾರು ನಿಂತ ಜಾಗಕ್ಕೆ ಓಡಿದ್ದನಂತೆ. ಇಂಡಿಕೇಟರ್ ಇನ್ನೂ ಮಿಟುಕುತ್ತಲೇ ಇತ್ತಂತೆ. ಎಷ್ಟು ದೂರಕ್ಕೆ ಕಾಣುತ್ತದೆ ಅಂತ ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ರಸ್ತೆಯುದ್ದಕ್ಕೂ ಹೋಗಿ ನೋಡಿದನಂತೆ. ಜನ ಅವನಿಗೆ ತಲೆ ಕೆಟ್ಟಿದೆ ಅಂದುಕೊಂಡರಂತೆ. ಆಮೇಲೆ ಆಸ್ಪತ್ರೆಗೆ ಬಂದ. ಒಳಗೆ ಬರಲಿಲ್ಲ, ಮಂಚದಿಂದ ದೂರ, ಕೋಣೆಯ ಆ ತುದಿಯ ಬಾಗಿಲಲ್ಲಿ ನಿಂತ.

“ಕಾಣ್ಲಿಲ್ವಾ ಅಣ್ಣ?” ಅಂದ.

ದೊಡ್ಡವನು ಅವನನ್ನೇ ನೋಡಿದ. ಒಂದು ಕೈ ಕಟ್ಟಿನೊಳಗಿತ್ತು. ಇನ್ನೊಂದು ಕೈ ಚೆನ್ನಾಗಿತ್ತು, ಎತ್ತಬಹುದಿತ್ತು. ಎತ್ತಲಿಲ್ಲ. ಹೊದಿಕೆಯ ಮೇಲೆ ಇದ್ದಲ್ಲೇ ಇತ್ತು. ಮಗಳು ನೀರಿನ ಲೋಟ ಹಿಡಿದು ನಡುವೆ ಬಂದಳು. ಚಿಕ್ಕವನು ಅವಳ ಕಡೆ ನೋಡಿ ಬಾಯಿ ತೆರೆದ. “ಚಿಕ್ಕಪ್ಪ, ಅಪ್ಪನಿಗೆ ನೀರು ಕುಡಿಸ್ಬೇಕು, ಸ್ವಲ್ಪ ಆ ಕಡೆ” ಅಂದಳು ಅವಳು, ಕೋಪವಿಲ್ಲದೆ, ಅಪರಿಚಿತರಿಗೆ ಹೇಳುವ ಹಾಗೆ. ಅವನು ಆ ಕಡೆ ಸರಿದ. ಆಡಬೇಕಿದ್ದ ಮಾತು ಇವತ್ತಿಗೂ ಆಡಿಲ್ಲ.

ಭುಜ ಕೂಡಿತು, ಕೈ ಮಾತ್ರ ಮೇಲೆ ಏಳುವುದಿಲ್ಲ. ದೊಡ್ಡವನ ಶೆಡ್ಡಿಗೆ ಈಗ ಕಾರು ಬರುವುದಿಲ್ಲ. ಅವನು ಮಾತ್ರ ದಿನಾ ಬಂದು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾನೆ. ಡಾಕ್ಟರ ಕಾರನ್ನು ಚಿಕ್ಕವನು ವಾಪಸು ತರಿಸಿಕೊಂಡು, ಅಣ್ಣ ಮುಚ್ಚಿದ ತೂತುಗಳನ್ನು ತಾನೇ ಕೊರೆದು ತೆಗೆದ, ಪುಟ್ಟ ಇಂಡಿಕೇಟರ್ ಮತ್ತೆ ಹಾಕಲು. ಟಿಂಕರಿಂಗ್ ಅವನಿಗೆ ಬಾರದ ಕೆಲಸ. ತಗಡು ಹಲ್ಲು ಹಲ್ಲಾಗಿ ಹರಿಯಿತು, ಸುತ್ತಲಿನ ಬಣ್ಣ ಎದ್ದು ಬಂತು. ಕುರ್ಚಿಯಲ್ಲಿ ಕೂತವನು ಎಲ್ಲ ನೋಡಿದ. ಸಂಜೆ ನನಗೆ ಹೇಳಿದ, “ಅಂಚು ಉಜ್ಜಿಲ್ಲ ಅಂತ ಹೇಳಕ್ಕ ಅವನಿಗೆ. ಯಾರ್ದಾದ್ರೂ ಕೈ ಕುಯ್ಯುತ್ತೆ.” ನಾನು ಹೋಗಿ ಹೇಳಿದೆ. ಚಿಕ್ಕವನು ಅರ ತೆಗೆದುಕೊಂಡು ಉಜ್ಜಿದ. ಮೂರು ಹೆಜ್ಜೆ ದೂರದ ಮಾತು ನನ್ನ ಬಾಯಿಂದ ಸುತ್ತಿ ಬರಬೇಕಾಯಿತು.

ಈಗ ಬಳೆಯ ದೀಪ ಬೇಕು ಅಂತ ಬಂದವರಿಗೆ ಚಿಕ್ಕವನು, ತೂತು ಮುಚ್ಚುವುದಿಲ್ಲ, ಹಳೆಯದೂ ಇರಲಿ ಹೊಸದೂ ಇರಲಿ ಅನ್ನುತ್ತಾನೆ. ಚೆಂದ ಬೇಕಾದವರು ಬೇರೆ ಕಡೆ ಹೋಗುತ್ತಾರೆ. ಒಪ್ಪಿದವರ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಗಿರಣಿಯವನನ್ನು ಬೀದಿಯ ತುದಿಗೆ ನಿಲ್ಲಿಸುತ್ತಾನೆ. ಗಿರಣಿಯವನು ಕೈ ಎತ್ತುತ್ತಾನೆ. ಚಿಕ್ಕವನಿಗೆ ನಂಬಿಕೆ ಬರುವುದಿಲ್ಲ, ಮತ್ತೆ ಹಾರ್ನ್ ಹೊಡೆಯುತ್ತಾನೆ. ಕುರ್ಚಿಯಲ್ಲಿರುವವನು ಆ ಹೊತ್ತಿಗೆ ಗೋಡೆಯ ಕಡೆ ತಿರುಗಿ ಕೂತಿರುತ್ತಾನೆ.

ಬೆಳಿಗ್ಗೆ ಎರಡೂ ಶೆಡ್ಡಿನ ಶಟರ್ ಎತ್ತುವುದು ಚಿಕ್ಕವನೇ. ಧೂಳು ಏಳದ ಹಾಗೆ ನೀರು ಚಿಮುಕಿಸಿ, ತನ್ನ ಕಡೆಯಿಂದ ಗುಡಿಸುತ್ತಾ ಅಣ್ಣನ ಕಡೆಗೆ ಬರುತ್ತಾನೆ. ವೈರಿನ ಚೂರು, ಟೇಪಿನ ತುಂಡು, ಉದುರಿದ ಎಲೆ ಎಲ್ಲ ಪೊರಕೆಯ ಮುಂದೆ ಬರುತ್ತವೆ. ಕುರ್ಚಿಯ ಹತ್ತಿರ ಬಂದಾಗ ದೊಡ್ಡವನು ಪೇಪರಿನಿಂದ ಕಣ್ಣು ತೆಗೆಯದೆ ಎರಡೂ ಕಾಲು ಎತ್ತುತ್ತಾನೆ. ಚಿಕ್ಕವನು ಬಗ್ಗಿ ಕುರ್ಚಿಯ ಕೆಳಗೆ ಗುಡಿಸುತ್ತಾನೆ. ದೊಡ್ಡವನು ಕಾಲು ಇಳಿಸುತ್ತಾನೆ. ಕಸ ಮೊರಕ್ಕೆ ತುಂಬಿಕೊಂಡು ಚಿಕ್ಕವನು ಬೀದಿಯ ತುದಿಯ ತೊಟ್ಟಿಗೆ ಹಾಕಲು ಹೋಗುತ್ತಾನೆ.