ಗೂಟ ಬಡಿಯುವವನು

‘ಗೂಟ’ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ಡಿಪೋ ಹಿಂದಿನ ತಗಡಿನ ಹಾಲ್‌ಗೆ ಭಾನುವಾರದ ಮಧ್ಯಾಹ್ನ ಕುಸ್ತಿ ನೋಡಲು ಬರುತ್ತಿದ್ದ ಜನ ಕೂಗಿ ಕೂಗಿ ಅಂಟಿಸಿದ್ದು. ಎದುರಾಳಿಯನ್ನು ಎತ್ತಿ ತಲೆಕೆಳಗು ಮಾಡಿ, ಅವನ ತಲೆಯನ್ನು ತನ್ನ ತೊಡೆಗಳ ನಡುವೆ ಸಿಕ್ಕಿಸಿಕೊಂಡು, ಧೊಪ್ಪನೆ ಕೂತುಬಿಡುವ ಪಟ್ಟು ಅವನದು. ಪೋಸ್ಟರಿನಲ್ಲಿ ಅದಕ್ಕೆ ಪೈಲ್‌ಡ್ರೈವರ್ ಎಂದು ಅಚ್ಚು ಹಾಕುತ್ತಿದ್ದರು. ಜನಕ್ಕೆ ಅಷ್ಟುದ್ದದ ಹೆಸರು ಬೇಕಿರಲಿಲ್ಲ. ಗೂಟ ಬಡಿದ ಹಾಗೆ ಮನುಷ್ಯನನ್ನು ನೆಲಕ್ಕೆ ಬಡಿಯುತ್ತಿದ್ದ. ಹಾಗಾಗಿ ಪಟ್ಟೂ ಗೂಟ, ಅವನೂ ಗೂಟ.

“ಸರಿಯಾದ ಹೆಸರೇ ಇಟ್ಟಿದಾರೆ,” ಎನ್ನುತ್ತಿದ್ದಳು ಹೆಂಡತಿ. “ಕೆಲಸದಿಂದ ಬಂದ್ರೆ ಸಾಕು, ಕುರ್ಚಿಲಿ ಗೂಟ ಹೊಡ್ಕೊಂಡು ಕೂತುಬಿಡ್ತಾರೆ. ನೀರು ಬೇಕಾದ್ರೂ ನಾನೇ ಏಳ್ಬೇಕು.”

ಮೀಸೆ ಚಿಗುರುವ ಮೊದಲೇ ಅವನು ಮಾಂಸದ ಕೋಲ್ಡ್ ಸ್ಟೋರೇಜ್‌ನಲ್ಲಿ ಹಮಾಲಿಗೆ ಸೇರಿದ್ದ. ಲಾರಿಯಿಂದ ಇಳಿಯುವ ಸೀಳಿದ ಪ್ರಾಣಿಗಳನ್ನು ಹೆಗಲ ಮೇಲೆ ಹೊತ್ತು ಕೊಕ್ಕೆಗೆ ನೇತುಹಾಕುವ ಕೆಲಸ. ಹೆಪ್ಪುಗಟ್ಟಿದ ಪಕ್ಕೆಲುಬುಗಳು ಉಜ್ಜಿ ಉಜ್ಜಿ ಬಲಗೆನ್ನೆ ಜಡ್ಡುಗಟ್ಟಿತ್ತು. ಅಲ್ಲಿಗೆ ಮಾಂಸ ಕೊಳ್ಳಲು ಬರುತ್ತಿದ್ದ ಹಳೆಯ ಕುಸ್ತಿಯಾಳೊಬ್ಬ ಅವನು ಹೊರೆ ಎತ್ತುವುದನ್ನು ನೋಡಿ ನಿಂತ. ಹೊಡೆತ ತಿಂದು ತಿಂದು ಕಿವಿಗಳು ಗಂಟಾಗಿ ಹೋಗಿದ್ದರಿಂದ ಅವನನ್ನು ಎಲ್ಲರೂ ಗಂಟುಕಿವಿ ಎಂದೇ ಕರೆಯುತ್ತಿದ್ದರು.

“ಸತ್ತದ್ದನ್ನ ಚೆನ್ನಾಗಿ ಎತ್ತುತೀಯ,” ಎಂದ ಗಂಟುಕಿವಿ. “ಬದುಕಿರೋರನ್ನ ಎತ್ತೋದು ಕಲೀತೀಯಾ?”

ಗಂಟುಕಿವಿಯ ಪಾಠವೆಂದರೆ ಹೊಡೆತ. ಒದ್ದೆ ಮರಳಿನ ಚೀಲದ ಬಾಯಿಗೆ ಮಣ್ಣಿನ ಮಡಕೆಯೊಂದನ್ನು ತಲೆಯ ಹಾಗೆ ಕಟ್ಟಿ, ಅದನ್ನು ಗೂಟನ ಕೈಯಿಂದ ಬುಡಮೇಲಾಗಿ ಎತ್ತಿಸಿ ನೆಲಕ್ಕೆ ಬಡಿಸುತ್ತಿದ್ದ. ಮಡಕೆ ಒಡೆದರೆ ಮೂತಿಗೊಂದು ಗುದ್ದು. ಗೂಟನ ಮುಂದಿನ ಹಲ್ಲು ಹೋದದ್ದು ಯಾವ ಎದುರಾಳಿಯಿಂದಲೂ ಅಲ್ಲ, ಒಂದು ಒಡಕು ಮಡಕೆಯಿಂದ. “ತಲೆ ನಿನ್ನ ತೊಡೆಗಿಂತ ಮೇಲಿದ್ರೆ ಆಟ, ಕೆಳಗಿಳಿದ್ರೆ ಕೊಲೆ,” ಎನ್ನುತ್ತಿದ್ದ ಮುದುಕ, ಅವನ ಬಾಯಿಯ ರಕ್ತ ಒರೆಸಲು ಬಟ್ಟೆ ಎಸೆಯುತ್ತಾ. “ತಲೇಲಿ ಇಟ್ಕೋಬೇಡ ಇದನ್ನ. ಕಾಲಲ್ಲಿ ಇಟ್ಕೋ. ಎತ್ತು ಇನ್ನೊಂದ್ಸಲ.”

ಗೂಟದಲ್ಲೂ ಬಗೆಬಗೆಯಿತ್ತು. ಕುಂಡೆಯ ಮೇಲೆ ಕೂರುವುದು ಕುಕ್ಕರುಗೂಟ. ನೋಡಲು ಘೋರ, ಹಾಕಿಸಿಕೊಳ್ಳಲು ಸಲೀಸು. ಹೊಟ್ಟೆಗೆ ಹೊಟ್ಟೆ ತಾಗಿಸಿ ತಬ್ಬಿ, ಮಂಡಿಯ ಮೇಲೆ ಬೀಳುವುದು ಮಂಡಿಗೂಟ; ಅದರಲ್ಲಿ ಎತ್ತಿದವನ ಮಂಡಿ ಸವೆಯುತ್ತದೆ. ನೆಗೆದು ಬಡಿದರೆ ಹಾರುಗೂಟ. ಮೂಲೆಯ ಹಗ್ಗದ ಮೇಲಿಂದ ಬಡಿಯುವುದಕ್ಕೆ ಹೆಸರೇ ಇರಲಿಲ್ಲ, ಮಾಡುವಷ್ಟು ತಲೆಕೆಟ್ಟವರು ಕಡಿಮೆ. ಎಲ್ಲಕ್ಕಿಂತ ಕೆಟ್ಟದ್ದು ಕಟ್ಟುಗೂಟ. ಅದರಲ್ಲಿ ಎದುರಾಳಿಯ ಎರಡೂ ತೋಳುಗಳನ್ನು ಬೆನ್ನ ಹಿಂದೆ ಸಿಕ್ಕಿಸಿ ಎತ್ತುತ್ತಾರೆ. ಬೇರೆ ಯಾವ ಗೂಟದಲ್ಲಾದರೂ ಹಿಡಿತ ತಪ್ಪಿದರೆ ತಲೆಕೆಳಗಾದವನು ಎತ್ತಿದವನ ತೊಡೆ ತಟ್ಟಿ ತಿಳಿಸಬಹುದು, ಕೈಯೂರಿ ಕುತ್ತಿಗೆ ಉಳಿಸಿಕೊಳ್ಳಬಹುದು. ಕಟ್ಟುಗೂಟದಲ್ಲಿ ಕೈಯೇ ಇಲ್ಲ. ಗೂಟ ಅದನ್ನು ಒಮ್ಮೆಯೂ ಮಾಡಿದವನಲ್ಲ.

ಅವನ ಗೂಟ ಹಾಕಿಸಿಕೊಳ್ಳುತ್ತಿದ್ದವನು ಹೆಂಡತಿಯ ತಮ್ಮ. ವಾರವೆಲ್ಲ ಬೇಕರಿಯೊಂದರ ಡೆಲಿವರಿ ವ್ಯಾನ್ ಓಡಿಸುತ್ತಿದ್ದ ಸಣಕಲ. ಹಗ್ಗದಿಂದ ಹಗ್ಗಕ್ಕೆ ನೆಗೆಯುತ್ತಿದ್ದುದರಿಂದ ಜನ ಅವನನ್ನು ಮಿಡತೆ ಎನ್ನುತ್ತಿದ್ದರು. ಭಾವ–ಭಾವಮೈದ ಸೇರಿ ಹಾಲ್ ಕಿತ್ತುಹೋಗುವ ಹಾಗೆ ಹೊಡೆದಾಡುತ್ತಿದ್ದರು. ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತಿತ್ತು ನಿಜ, ಆದರೆ ಹೊಡೆತ ಸುಳ್ಳಲ್ಲ. ಎದೆಯ ಮೇಲೆ ಅಂಗೈ ಬಿದ್ದರೆ ಐದು ಬೆರಳೂ ಮೂಡುತ್ತಿದ್ದವು. ಬ್ಲೇಡಿನ ಚೂರಿನಿಂದ ಹಣೆ ಗೀರಿಕೊಂಡು ಮುಖವೆಲ್ಲ ರಕ್ತ ಮಾಡಿಕೊಳ್ಳುತ್ತಿದ್ದರು. ಆಟ ಮುಗಿದ ಮೇಲೆ ಹೆಂಡತಿ ಇಬ್ಬರನ್ನೂ ಅಡುಗೆಮನೆಯ ಬೆಂಚಿನ ಮೇಲೆ ಕೂರಿಸಿ ಗಾಯಕ್ಕೆ ಅರಿಶಿನ ಮೆತ್ತುತ್ತಿದ್ದಳು. “ಒಬ್ಬ ಗಂಡ, ಒಬ್ಬ ತಮ್ಮ. ಯಾರು ಸತ್ರೂ ನಷ್ಟ ನಂದೇ,” ಎಂದು ಗೊಣಗುತ್ತಾ ಬೇಕೆಂದೇ ಒತ್ತಿ ಮೆತ್ತುತ್ತಿದ್ದಳು.

ಹೀಗಿರುವಾಗ ಹಾಲ್‌ನ ಮಾಲೀಕ ತನ್ನ ಅಕ್ಕನ ಮಗನನ್ನು ಕರೆತಂದ. ಕನ್ನಡಿ ಮುಂದೆ ಬೆಳೆಸಿದ ಮೈ, ಹೊಳೆಯುವ ಹಳದಿ ಚಡ್ಡಿ. ಬಂದ ವಾರವೇ ಅವನಿಗೆ ಬಂಗಾರ ಎಂದು ಹೆಸರು ಬಿತ್ತು. ನೋಡಲು ಚೆಂದ, ಆದರೆ ಬೀಳಲು ಬರದು, ಬೀಳಿಸಲೂ ಬರದು. ಅವನಿಗೆ ಮಿಡತೆಯನ್ನು ಜೋಡಿ ಮಾಡಿದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಬಂಗಾರ ಬೂಟಿನ ಲಾಡಿ ಕಟ್ಟುತ್ತಾ, “ಕೊನೇಲಿ ಕಟ್ಟುಗೂಟ ಹಾಕ್ತೀನಿ,” ಎಂದ.

ಗೂಟ ತಲೆಯೆತ್ತಿದ. “ಎಲ್ಲಿ ಕಲಿತೆ?”

“ವಿಡಿಯೋದಲ್ಲಿ ನೋಡಿದೀನಿ.”

“ನೋಡೋದು ಬೇರೆ, ಎತ್ತೋದು ಬೇರೆ. ಮರಳಿನ ಚೀಲನಾದ್ರೂ ಎತ್ತಿದೀಯಾ?”

“ಚೀಲ ಹೊರೋದು ನಿಮ್ಮ ಕಸುಬು. ನಂದಲ್ಲ.”

ಗೂಟ ಎದ್ದು ನಿಂತ. ಮಾಲೀಕ ನಡುವೆ ಬಂದು, “ಒಂದೇ ಒಂದ್ಸಲ ಕಣಯ್ಯಾ. ಜನಕ್ಕೂ ಹೊಸದು ಬೇಕಲ್ಲ,” ಎಂದು ಹಲ್ಲುಗಿಂಜಿದ.

“ಬಿಡಿ ಭಾವ,” ಎಂದ ಮಿಡತೆ, ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಾ. “ನಾನೇನು ಗಾಜಿನ ಲೋಟನಾ? ನಾನು ನೋಡ್ಕೋತೀನಿ.”

ಹಾಲ್ ತುಂಬಿತ್ತು. ಗೂಟ ಪರದೆಯ ಸಂದಿಯಲ್ಲಿ ನಿಂತು ನೋಡುತ್ತಿದ್ದ. ಮೊದಲಿಗೆ ಎಲ್ಲ ಸರಿಯಾಗಿಯೇ ನಡೆಯಿತು. ಆಮೇಲೆ ಮಿಡತೆ ಹಗ್ಗದಿಂದ ನೆಗೆದಾಗ ಬಂಗಾರ ಸರಿಯಬೇಕಾದ ಕಡೆ ಸರಿಯಲಿಲ್ಲ. ಮೊಣಕೈ ನೇರವಾಗಿ ಮೂಗಿಗೆ ಬಡಿಯಿತು. ರಕ್ತ ಬಳಬಳನೆ ಹಳದಿ ಚಡ್ಡಿಯ ಮೇಲೆ ಇಳಿಯಿತು. ಮುಂದಿನ ಸಾಲಿನಲ್ಲಿ ಯಾರೋ, “ಬಂಗಾರಕ್ಕೆ ತುಕ್ಕು ಹಿಡೀತು!” ಎಂದು ಕೂಗಿದ. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು.

ಆ ನಗು ಬಂಗಾರನ ತಲೆಗೇರಿತು. ಅಲ್ಲಿಂದ ಮುಂದಿನದು ಆಟವಲ್ಲ. ಮುಷ್ಟಿ ಬಿಗಿದು ಮಿಡತೆಯ ಕಣ್ಣಿಗೇ ಗುದ್ದಿದ. ಬಿದ್ದವನ ಪಕ್ಕೆಗೆ ಬೂಟಿನಿಂದ ಒದ್ದ, ಮತ್ತೆ ಒದ್ದ, ಉಸಿರು ಕಟ್ಟಿ ಮಿಡತೆ ಮುದುಡಿದ ಮೇಲೂ ಒದ್ದ. ಕೂದಲು ಹಿಡಿದೆತ್ತಿ ತೋಳುಗಳನ್ನು ಬೆನ್ನ ಹಿಂದೆ ತಿರುಚಿದ. “ತಾಳು, ತಾಳು, ಹಿಡಿತ ಸರಿ ಇಲ್ಲ,” ಎಂದು ಮಿಡತೆ ಅರಚಿದ್ದು ಪರದೆಯವರೆಗೂ ಕೇಳಿಸಿತು. ಬಂಗಾರ ಅವನನ್ನು ಎತ್ತಿ, ನೆಗೆದು ಕೂತ.

ಮಿಡತೆಯ ತಲೆ ಬಂಗಾರನ ತೊಡೆಗಿಂತ ಒಂದು ಗೇಣು ಕೆಳಗಿತ್ತು. ಒಣಗಿದ ಟೊಂಗೆ ಮುರಿದಂಥ ಸದ್ದು. ಮಿಡತೆ ಕವುಚಿ ಬಿದ್ದ. ಒಂದು ಕಾಲು ತಾನಾಗಿಯೇ ಅದುರುತ್ತಿತ್ತು, ಉಳಿದ ಮೈ ಅಲುಗಲಿಲ್ಲ. ರೆಫರಿ ಮಂಡಿಯೂರಿ ನೋಡಿ, ಎರಡೂ ಕೈ ಮೇಲೆತ್ತಿ ಬೀಸಿ ಡಾಕ್ಟರನ್ನು ಕರೆದ. ಜನ ಅದನ್ನೂ ಆಟವೆಂದೇ ತಿಳಿದು ಸಿಳ್ಳೆ ಹಾಕಿದರು.

ಗೂಟ ರಿಂಗಿನೊಳಗೆ ಹೇಗೆ ಹೋದನೋ ಅವನಿಗೇ ಆಮೇಲೆ ನೆನಪಿರಲಿಲ್ಲ. ಬಂಗಾರ ತಿರುಗುವಷ್ಟರಲ್ಲಿ ಹಣೆಯಿಂದ ಅವನ ಒಡೆದ ಮೂಗಿಗೇ ಗುಮ್ಮಿದ. ಮೊಣಕೈ ಬೀಸಿದ; ದವಡೆ ಜಾರಿದ್ದು ಎಲುಬಿಗೆ ಎಲುಬು ತಾಗಿ ತಿಳಿಯಿತು. ಎರಡು ಹಲ್ಲು ಕ್ಯಾನ್ವಾಸಿನ ಮೇಲೆ ಉರುಳಿದವು. ಅಡ್ಡ ಬಂದ ರೆಫರಿಯನ್ನು ಒಂದೇ ಕೈಯಲ್ಲಿ ಹಗ್ಗದಾಚೆ ನೂಕಿದ. ಬಂಗಾರ ತೆವಳಿ ತಪ್ಪಿಸಿಕೊಳ್ಳಲು ನೋಡಿದ. ಗೂಟ ಅವನ ಬೆರಳುಗಳನ್ನು ಬೂಟಿನಡಿ ಅರೆದು, ಸೊಂಟ ಹಿಡಿದೆಳೆದು, ಹೊಟ್ಟೆಗೆ ಹೊಟ್ಟೆ ತಾಗಿಸಿ ತಲೆಕೆಳಗಾಗಿ ಎತ್ತಿ ಹಿಡಿದ.

“ಗೂಟಾ! ಗೂಟಾ!” ಎಂದು ಜನ ಕುರ್ಚಿಗಳ ಮೇಲೆ ಹತ್ತಿ ನಿಂತರು. “ಬಡಿ! ಬಡಿ!”

ಬಂಗಾರ ಅವನ ಮೊಣಕಾಲು ತಟ್ಟಿದ. ಮತ್ತೆ ಮತ್ತೆ ತಟ್ಟಿದ. “ಅಣ್ಣಾ... ಬೇಡ ಅಣ್ಣಾ... ನಮ್ಮಮ್ಮನ ಆಣೆ...” ಬಾಯಿಯ ತುಂಬ ರಕ್ತವಿದ್ದುದರಿಂದ ಮಾತು ಗುಳುಗುಳು ಎನ್ನುತ್ತಿತ್ತು.

ಗೂಟ ಕೇಳಿಸಿಕೊಂಡ. ಕೇಳಿಸಿಕೊಂಡೇ ತೋಳು ಸಡಿಲಿಸಿದ. ಬಂಗಾರನ ಮೈ ಜಾರಿ, ತಲೆ ಗೂಟನ ಮಂಡಿಗಿಂತ ಕೆಳಗೆ ಇಳಿಯಿತು. ಇವನು ಸಾಯಬೇಕು ಎಂಬುದೊಂದು ಬಿಟ್ಟು ಬೇರೇನೂ ಅವನ ಮನಸ್ಸಿನಲ್ಲಿರಲಿಲ್ಲ. ಮೈಯಲ್ಲಿದ್ದ ಬಲವನ್ನೆಲ್ಲ ಕೂಡಿಸಿ ನೆಗೆದ.

ಗಾಳಿಯಲ್ಲಿದ್ದಾಗ ಅವನ ತೋಳುಗಳು ತಾವಾಗಿಯೇ ಬಿಗಿದವು. ತೊಡೆಗಳು ಇಕ್ಕಳದ ಹಾಗೆ ಕಚ್ಚಿಕೊಂಡು ಬಂಗಾರನ ತಲೆಯನ್ನು ಮೇಲಕ್ಕೆಳೆದುಕೊಂಡವು. ಇಬ್ಬರ ಭಾರವೂ ಗೂಟನ ಮಂಡಿಗಳ ಮೇಲೆ ಬಿತ್ತು. ಕ್ಯಾನ್ವಾಸಿನ ಕೆಳಗಿದ್ದ ಹಲಗೆ ಬಿರಿಯಿತು, ಅದರ ಜೊತೆಗೆ ಬಲಮಂಡಿಯ ಚಿಪ್ಪೂ ಹೋಳಾಯಿತು. ಬಂಗಾರನ ಕೂದಲಷ್ಟೇ ನೆಲಕ್ಕೆ ಸೋಕಿತ್ತು.

ಬಂಗಾರ ಅಂಬೆಗಾಲಿಟ್ಟು, “ಅಮ್ಮಾ” ಎಂದು ಅಳುತ್ತಾ ಹಗ್ಗದಡಿ ನುಸುಳಿ ಓಡಿದ. ಮತ್ತೊಮ್ಮೆ ಹಿಡಿಯಬೇಕೆಂದು ಗೂಟ ಏಳಲು ಹೋದ. ಕಾಲು ಏಳಲಿಲ್ಲ. ಆ ಸಿಟ್ಟಿಗೆ ತನ್ನ ತೊಡೆಗೆ ತಾನೇ ಗುದ್ದಿಕೊಂಡ. ಜನ ಕಿವಿಗಡಚಿಕ್ಕುವ ಹಾಗೆ ಚಪ್ಪಾಳೆ ಹೊಡೆಯುತ್ತಿದ್ದರು.

ಭಾವನನ್ನೂ ಭಾವಮೈದನನ್ನೂ ಆಸ್ಪತ್ರೆಯಲ್ಲಿ ಪಕ್ಕಪಕ್ಕದ ಮಂಚದಲ್ಲಿ ಮಲಗಿಸಿದರು. ಮಿಡತೆಯ ಕತ್ತಿನ ಮೂಳೆ ಮುರಿದಿತ್ತು, ಒಳಗಿನ ನರ ಜಜ್ಜಿತ್ತೇ ಹೊರತು ಕಡಿದಿರಲಿಲ್ಲ. ನಡೆಯುತ್ತಾನೆ, ಎಡಗೈಯ ಮಾತು ಈಗಲೇ ಹೇಳಲಾಗದು ಎಂದರು. ಪೊಲೀಸರು ಬಂದು ಕೇಳಿದ್ದಕ್ಕೆ ಮಾಲೀಕ, ಎಲ್ಲವೂ ಆಟದಲ್ಲೇ ಇತ್ತು ಸಾರ್ ಎಂದು ಕೈತೊಳೆದುಕೊಂಡ. ಅದರಿಂದ ಬಂಗಾರನೂ ಉಳಿದ, ಗೂಟನೂ ಉಳಿದ.

ಕೆಲವು ದಿನ ಬಿಟ್ಟು ಬಂಗಾರನೇ ಬಾಗಿಲಲ್ಲಿ ಕಾಣಿಸಿಕೊಂಡ. ದವಡೆಗೆ ತಂತಿ ಬಿಗಿದಿದ್ದರು. ಗೂಟನ ಹೆಂಡತಿ ಕೈಯಲ್ಲಿದ್ದ ಸ್ಟೀಲ್ ಫ್ಲಾಸ್ಕನ್ನು ಬೀಸಿಯೇ ಬೀಸಿದಳು. ಅದು ಅವನ ಹೆಗಲಿಗೆ ಬಡಿದು ಠಣ್ಣೆಂದಿತು.

“ಅಕ್ಕಾ, ಸಾಕು,” ಎಂದ ಮಿಡತೆ, ಚಾವಣಿ ನೋಡುತ್ತಲೇ. ಕತ್ತು ತಿರುಗಿಸುವ ಹಾಗಿರಲಿಲ್ಲ. “ಫ್ಲಾಸ್ಕ್ ನಗ್ಗಿಹೋಗುತ್ತೆ.”

ಬಂಗಾರ ಅವನ ಮಂಚದ ಬಳಿ ಬಂದು ಕಾಲು ಮುಟ್ಟಿದ. ಆಮೇಲೆ ಗೂಟನ ಕಡೆ ತಿರುಗಿ, ಹಲ್ಲು ಕಚ್ಚಿದ ಬಾಯಲ್ಲೇ, “ನೀವು ಮನಸ್ಸು ಮಾಡಿದ್ರೆ ಅವತ್ತು ನನ್ನ ಕೊಂದುಬಿಡಬಹುದಿತ್ತು. ಉಳಿಸಿದ್ರಿ. ಅದನ್ನ ಹೇಳೋಕೆ ಬಂದೆ,” ಎಂದ.

“ಮನಸ್ಸು ಮಾಡಿದ್ದೆ ಕಣೋ,” ಎಂದ ಗೂಟ. “ಕಾಲು ಮಾತು ಕೇಳ್ಲಿಲ್ಲ.”

ಬಂಗಾರನ ಮುಖ ಬಿಳಿಚಿಕೊಂಡಿತು. ಹಿಂದೆ ಹಿಂದೆ ಸರಿದು ಬಾಗಿಲು ದಾಟಿ ಹೊರಟುಹೋದ. ಮುಂದೆ ಅವನು ಯಾವ ರಿಂಗಿಗೂ ಹತ್ತಲಿಲ್ಲ.

ಹೆಂಡತಿ ಗಂಡನನ್ನೇ ದಿಟ್ಟಿಸಿ, “ನಿಜವಾಗ್ಲೂನಾ?” ಎಂದಳು.

“ಹೂಂ.”

ಅವಳು ಎದ್ದು ತನ್ನ ಸ್ಟೂಲನ್ನು ತಮ್ಮನ ಮಂಚದ ಪಕ್ಕಕ್ಕೆ ಎಳೆದುಕೊಂಡಳು. ಸಂಜೆ ಊಟದ ಡಬ್ಬಿ ತೆರೆದಾಗ ಮಾತ್ರ ಅವನ ತಟ್ಟೆಗೇ ಮೊದಲು ಬಡಿಸಿದಳು.

ಗೂಟನ ಬಲಗಾಲು ಮತ್ತೆ ಪೂರ್ತಿ ಮಡಚಲಿಲ್ಲ. ಹೊರೆ ಹೊರಲಾಗದವನಿಗೆ ಕೋಲ್ಡ್ ಸ್ಟೋರೇಜ್‌ನವರು ಗೇಟಿನ ಕೆಲಸ ಕೊಟ್ಟರು. ಲಾರಿ ಡ್ರೈವರುಗಳು ಗುರುತು ಹಿಡಿದು, “ಏನಣ್ಣಾ ಅವತ್ತಿನ ಗೂಟ! ನಿಜಾನೇ ಅನ್ನೋ ಹಾಗೆ ಮಾಡಿದ್ರಲ್ಲಾ!” ಎನ್ನುತ್ತಿದ್ದರು. ಅವನು ಗೇಟು ತೆಗೆದು, “ಹೋಗು ಹೋಗು, ಹಿಂದೆ ಗಾಡಿ ನಿಂತಿದೆ,” ಎನ್ನುತ್ತಿದ್ದ.

ಭಾನುವಾರ ಮಧ್ಯಾಹ್ನಗಳು ಖಾಲಿಯಾದವು. ಮಿಡತೆ ಕತ್ತಿಗೆ ಪಟ್ಟಿ ಕಟ್ಟಿಕೊಂಡೇ ಅಕ್ಕನ ಮನೆಗೆ ಬರುತ್ತಿದ್ದ. ಇವನು ಮಂಡಿ ಮಡಚಬೇಕು, ಅವನು ಎಡಗೈಯಲ್ಲಿ ರಬ್ಬರ್ ಚೆಂಡು ಹಿಚುಕಬೇಕು. ಇಬ್ಬರೂ ನೋವಿಗೆ ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಮಿಡತೆಯ ಬೆರಳುಗಳಿಂದ ಚೆಂಡು ಜಾರಿ ಜಾರಿ ಮಂಚದಡಿ ಉರುಳುತ್ತಿತ್ತು. ಹೆಂಡತಿ ಪೊರಕೆ ಹಾಕಿ ತೆಗೆದುಕೊಡುತ್ತಿದ್ದಳು.

ಒಂದು ಭಾನುವಾರ ಗೂಟ, “ಹಿಡಿಯೋಕೂ ಆಗಲ್ವೇನೋ, ಹೆಣಾನೇ?” ಎಂದು ರೇಗಿಸಿದ. ಮಿಡತೆ ಹಲ್ಲು ಕಚ್ಚಿದ. ಬೆರಳುಗಳು ಒಂದೊಂದಾಗಿ ಚೆಂಡಿನ ಮೇಲೆ ಮಡಚಿಕೊಂಡವು. ಮರುಕ್ಷಣ ಅದು ಕೋಣೆ ದಾಟಿ ಬಂದು ಗೂಟನ ಮೂಗಿಗೆ ಫಟ್ಟೆಂದು ಅಪ್ಪಳಿಸಿತು. ರಕ್ತ ಮೀಸೆಯವರೆಗೂ ಇಳಿಯಿತು.

“ಎಸೆದ! ಲೇ, ಎಡಗೈಲಿ ಎಸೆದ ಕಣೇ!” ಎಂದು ಗೂಟ ಮೂಗು ಹಿಡಿದುಕೊಂಡೇ ಕೂಗಿದ. ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.