ಯುರೋಪಿನ ಕಾನೂನು, ಗಂಗಾವತಿಯ ರೊಟ್ಟಿ

ನನ್ನ ಪಿಎಚ್.ಡಿ. ವಿಷಯ ಏನೆಂದು ಯಾರಾದರೂ ಕೇಳಿದರೆ ನಾನು ಮಾತು ಮರೆಸಿ ಮಳೆ ಬೆಳೆ ವಿಚಾರಿಸುತ್ತೇನೆ. ಹೇಳಲು ನಾಚಿಕೆಯೇನಿಲ್ಲ. ಕೇಳಿದವರ ಮುಖದಲ್ಲಿ ಮೂಡುವ ಕರುಣೆಯನ್ನು ಮಾತ್ರ ತಡೆದುಕೊಳ್ಳಲಾಗುವುದಿಲ್ಲ. ‘ರಾಷ್ಟ್ರಾತೀತ ಕಾನೂನು ಮತ್ತು ರಾಷ್ಟ್ರೀಯ ವ್ಯವಸ್ಥೆಗಳ ಮೇಲೆ ಅದರ ಪರಿಣಾಮ.’ ಒಮ್ಮೆ ಕೊಪ್ಪಳದ ನಮ್ಮ ಓಣಿಯ ಕಿರಾಣಿ ಅಂಗಡಿಯ ಖಾದರಸಾಬರಿಗೆ ಹೇಳಿಬಿಟ್ಟೆ. ಅವರು ಬೆಲ್ಲ ತೂಗುವುದನ್ನು ನಿಲ್ಲಿಸಿ, “ಅಂದ್ರ ಡೀಸಿ ಸಾಹೇಬ್ರಿಗಿಂತ ಮ್ಯಾಲಿಂದೇನ್ರಿ?” ಎಂದರು. ಭಾಳ ಮೇಲಿನದು ಎಂದೆ. “ಹಂಗಾರ ನಮ್ಮ ತನಕ ಬರಂಗಿಲ್ಲ ಬಿಡ್ರಿ” ಎಂದು ಸಮಾಧಾನ ಹೇಳಿ, ಬೆಲ್ಲದ ಮೇಲೆ ಇನ್ನೊಂದು ಚೂರು ಇಟ್ಟರು.

ನಮ್ಮ ಶಾಸ್ತ್ರದ ಪಂಡಿತರು ದಪ್ಪ ದಪ್ಪ ಗ್ರಂಥ ಬರೆದು ಜಗಳಾಡುತ್ತಿರುವುದೂ ಇದನ್ನೇ: ಮೇಲಿನ ಕಾನೂನು ನಮ್ಮ ತನಕ ಬರುತ್ತದೋ ಇಲ್ಲವೋ. ಒಂದು ಪಂಗಡದವರು ಅದ್ವೈತಿಗಳು. ಮೇಲಿನದು ಕೆಳಗಿನದು ಎಲ್ಲ ಒಂದೇ, ಅಲ್ಲಿ ಗುಡುಗಿದರೆ ಇಲ್ಲಿ ಮಳೆ ಎನ್ನುತ್ತಾರೆ. ಇನ್ನೊಂದು ಪಂಗಡದವರು ದ್ವೈತಿಗಳು. ದೇಶ ತಾನಾಗಿ ಬಾಗಿಲು ತೆರೆದು ಒಳಗೆ ಕರೆದರೆ ಮಾತ್ರ ಬರಬೇಕು, ಅಲ್ಲಿಯವರೆಗೆ ಕಟ್ಟೆಯ ಮೇಲೆ ಕೂತಿರಬೇಕು ಎನ್ನುತ್ತಾರೆ. ನಾನು ಎರಡೂ ಕಡೆಯವರನ್ನು ಉದ್ದಕ್ಕೆ ಉಲ್ಲೇಖಿಸಿ, ಕೊನೆಗೆ ‘ಇದು ಸಂಕೀರ್ಣವಾದ ಪ್ರಶ್ನೆ’ ಎಂದು ಬರೆದು ಡಾಕ್ಟರಾದೆ. ನಮ್ಮ ಕಡೆ ಹೊಲದ ಬದುವಿನ ಜಗಳ ಬಿಡಿಸಲು ಹೋಗಿ ಹೀಗೆ ಹೇಳಿದ್ದರೆ ಚಹಾ ಸಹ ಕೊಡುತ್ತಿರಲಿಲ್ಲ.

ಕ್ಲಾಸಿನಲ್ಲಿ ಹುಡುಗರನ್ನು ಎಚ್ಚರಿಸಲು ನನ್ನ ಹತ್ತಿರ ಒಂದೇ ಒಂದು ಕತೆ ಇದೆ. ಯುರೋಪಿನ ಕೆಲವು ದೇಶಗಳು ಕೂಡಿ, ಪರಸ್ಪರ ಸುಂಕ ಏರಿಸಬಾರದೆಂದು ಒಪ್ಪಂದ ಮಾಡಿಕೊಂಡವು. ಆಮೇಲೆ ಒಂದು ಸರ್ಕಾರ ಸುಂಕ ಹೆಚ್ಚು ಹಾಕಿತು. ಹೊರಗಿನಿಂದ ಸಾಮಾನು ತರಿಸುವ ವ್ಯಾಪಾರಿಯೊಬ್ಬ ಕೋರ್ಟಿಗೆ ಹೋದ. ಮಾತು ಆಗಿದ್ದು ದೇಶ ದೇಶಗಳ ನಡುವೆ, ನಡುವೆ ಕೇಳಲು ನೀನ್ಯಾರು ಎಂದಿತು ಸರ್ಕಾರ. ಯುರೋಪಿನ ಕೋರ್ಟು ಮಾತ್ರ, ಆ ಮಾತಿನ ಫಲ ಯಾರಿಗೆ ಸೇರಬೇಕೋ ಅವನೇ ನೇರವಾಗಿ ಕೇಳಬಹುದು ಎಂದುಬಿಟ್ಟಿತು. ಇದಕ್ಕೆ ನೇರ ಪರಿಣಾಮ ಎಂದು ಹೆಸರು. ಈ ಕತೆ ಹೇಳಿ ಮುಗಿಸಿದಾಗ ಹಿಂದಿನ ಬೆಂಚಿನಿಂದ “ಪರೀಕ್ಷಾದಾಗ ಬರತೈತೇನ್ರಿ ಸರ್?” ಎಂಬ ದನಿ ಬರುವುದು ವಾಡಿಕೆ. ನನ್ನ ಅಕ್ಕನ ಮಗಳು ಶಿವಲೀಲಾ ನಮ್ಮ ಕಾಲೇಜಿನಲ್ಲೇ ಓದಿದವಳು. ಮಾಮಾ ಬೇಜಾರಾದಾನೆಂಬ ಒಂದೇ ಕಾರಣಕ್ಕೆ ಅವಳು ಪೂರ್ತಿ ಎಚ್ಚರಿದ್ದು ಕೇಳಿದ್ದಳು. ಅದರ ಫಲವನ್ನು ಗಂಗಾವತಿಯ ಒಂದು ಮನೆತನ ಉಂಡಿತು.

ಅಕ್ಕನ ಮನೆ ಯಲಬುರ್ಗಾದಲ್ಲಿ. ಅಲ್ಲಿನ ಕರಿ ಮಣ್ಣಿನಲ್ಲಿ ಹುಟ್ಟಿದವರಿಗೆ ಜೋಳದ ರೊಟ್ಟಿ ಇಲ್ಲದ ಊಟ ಬರೀ ಬಾಯಾಡಿಸಿದ ಹಾಗೆ. ಶಿವಲೀಲಾಳನ್ನು ಕೊಟ್ಟಿದ್ದು ಗಂಗಾವತಿಯ ಅಕ್ಕಿ ಮಿಲ್ಲಿನ ವಿರುಪಣ್ಣನವರ ಮಗನಿಗೆ. ಗಂಗಾವತಿಯಲ್ಲಿ ರೊಟ್ಟಿ ತಿನ್ನುವವರಿಲ್ಲ ಎಂದಲ್ಲ, ಖಾನಾವಳಿಗಳು ಬೇಕಾದಷ್ಟಿವೆ. ಆದರೆ ಈ ಮನೆಯವರು ನವಲಿ ಕಡೆಯ ಗದ್ದೆಯವರು, ಮೂರೂ ಹೊತ್ತು ಅನ್ನ. ನಿಶ್ಚಯದ ದಿನ ದೈವ ಕೂಡಿತ್ತು. ದೈವ ಎಂದರೆ ನಮ್ಮ ಕಡೆ ದೇವರಲ್ಲ, ಸೇರಿದ ಹಿರಿಯರು. ನಮ್ಮ ಭಾವ ಮೆಲ್ಲಗೆ, “ಹುಡುಗಿಗೆ ರೊಟ್ಟಿ ಇಲ್ದಿದ್ರ ಊಟ ಇಳಿಯಂಗಿಲ್ರಿ” ಎಂದರು. ವಿರುಪಣ್ಣನವರು ಎಲೆ ಅಡಿಕೆ ಕೈಯಲ್ಲಿ ಹಿಡಿದು, “ದೈವದ ಮುಂದ ಹೇಳ್ತೀನ್ರಿ, ನಿಮ್ಮ ಮಗಳಿಗೆ ದಿನಾ ಒಂದು ಹೊತ್ತು ರೊಟ್ಟಿ ತಪ್ಪಂಗಿಲ್ಲ” ಎಂದರು. ಎಲ್ಲರೂ ನಕ್ಕು ಸಕ್ಕರೆ ತಿಂದರು.

ಮದುವೆಯಾಗಿ ತಿಂಗಳಾದರೂ ರೊಟ್ಟಿಯ ಸುದ್ದಿಯಿಲ್ಲ. ಶಿವಲೀಲಾ ಅತ್ತೆಯನ್ನು ಕೇಳಿದಳು. ಅತ್ತೆ ಗೌರಮ್ಮನವರು ಕೆಟ್ಟವರಲ್ಲ. ಆದರೆ ಅವರಷ್ಟು ಅಪ್ಪಟ ದ್ವೈತಿಯನ್ನು ನಾನು ಗ್ರಂಥಗಳಲ್ಲೂ ಕಂಡಿಲ್ಲ. “ಮಾತು ಕೊಟ್ಟವರು ಗಂಡಸರು, ಕೊಟ್ಟದ್ದು ನಿಮ್ಮಪ್ಪಗ. ಅವರ ಮಾತು ಅಡಿಗಿ ಮನಿ ಹೊಸ್ತಿಲ ತನಕ” ಎಂದರಂತೆ. “ನಮ್ಮ ಮನ್ಯಾಗ ರೊಟ್ಟಿ ಬಡಿಯೂ ಸಪ್ಪಳ ಕೇಳಿದ್ರ ಓಣ್ಯಾಗಿನ ಮಂದಿ ಏನಂದಾರು? ಮಿಲ್ಲಿನ್ಯಾಗ ಅಕ್ಕಿ ತೀರೇತಿ ಅಂತಾರ.”

ಅವಳು ನನಗೆ ಫೋನ್ ಮಾಡಿದಳು. ನಾನು ತಕ್ಷಣ ಎರಡೂ ಪಂಗಡಗಳ ಅಭಿಪ್ರಾಯ ವಿವರಿಸಿದೆ. “ಮಾಮಾ, ನನಗ ಹಸಿವಾಗೇತಿ” ಎಂದಳು. ಖಾನಾವಳಿಯಿಂದ ತರಿಸಿಕೊ ಎಂದೆ. “ಖಾನಾವಳಿಯವರು ನನಗೇನು ಮಾತು ಕೊಟ್ಟಾರೇನು?” ಆಗ ನನಗೆ ತಿಳಿಯಿತು. ಅವಳಿಗೆ ಬೇಕಿದ್ದದ್ದು ಬರೀ ರೊಟ್ಟಿಯಲ್ಲ. ತನ್ನ ಹೆಸರಿನಲ್ಲಿ ಕೊಟ್ಟ ಮಾತು ತನ್ನದು ಹೌದೋ ಅಲ್ಲವೋ ಎಂಬುದು ಇತ್ಯರ್ಥವಾಗಬೇಕಿತ್ತು. ಆ ಮನೆಯಲ್ಲಿ ಅವಳು ಬಾಳುವೆ ಮಾಡುವ ರೀತಿಯೇ ಅದರ ಮೇಲೆ ನಿಂತಿತ್ತು. ಪಾಪ ಅನಿಸಿತು. ಆದರೂ ಬೀಗರ ಮನೆಗೆ ಹೋಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಸಾರ್ವಭೌಮತ್ವಕ್ಕೆ ಗೌರವ ಎನ್ನುತ್ತಾರೆ.

ಅಷ್ಟರಲ್ಲಿ ಎಲ್ಲ ಒಪ್ಪಂದಗಳಿಗಿಂತ ಮೇಲಿನದೊಂದು ಕಾನೂನು ಗಂಗಾವತಿಗೆ ಇಳಿಯಿತು. ವಿರುಪಣ್ಣನವರಿಗೆ ಸಕ್ಕರೆ ಕಾಯಿಲೆ ಬಂತು. “ಅನ್ನ ಕಡಿಮಿ ಮಾಡ್ರಿ, ಜ್ವಾಳದ ರೊಟ್ಟಿ ತಿನ್ರಿ” ಎಂದರು ಡಾಕ್ಟರು. ಮರುದಿನವೇ ಹಿಟ್ಟು ನಾದಿ ರೊಟ್ಟಿ ಬಡಿಯುವ ಕೊಣಮಿಗೆ ಬಂತು, ಹಂಚು ಬಂತು, ರೊಟ್ಟಿಯ ಸಪ್ಪಳ ಓಣಿಯ ತುದಿಗೆ ಕೇಳಿತು. ಓಣಿಯವರು ಏನೂ ಅನ್ನಲಿಲ್ಲ. ಗೌರಮ್ಮನವರು ಸೊಸೆಯ ತಾಟಿಗೂ ಒಂದು ಬಿಸಿ ರೊಟ್ಟಿ ಹಾಕಿದರು.

ನಾನಾಗಿದ್ದರೆ ಪುಂಡಿಪಲ್ಯ ಹಚ್ಚಿಕೊಂಡು ತಿಂದು, ಮೇಲೊಂದು ಸಂಶೋಧನ ಲೇಖನ ಬರೆಯುತ್ತಿದ್ದೆ. ಶಿವಲೀಲಾ ಮುಟ್ಟಲಿಲ್ಲ. ಅನ್ನವನ್ನೇ ಉಂಡಳು.

“ಯಾಕವ್ವ, ಬೇಕಂದಿದ್ದಿ?”

“ಇದು ಮಾವಾರ ಸಕ್ಕರಿಗೆ ಬಡದ ರೊಟ್ಟಿ ಅತ್ತಿ. ನಾಳೆ ಅವರ ಸಕ್ಕರಿ ಇಳಿದ್ರ ಇದೂ ಹೋಗತೈತಿ. ದೈವದ ಮುಂದ ನನಗ ಅಂದಿದ್ದು ಬ್ಯಾರೆ ರೊಟ್ಟಿ.”

ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ಗೌರಮ್ಮನವರು ಒಲೆಯ ಕಡೆ ತಿರುಗಿಯೇ ಮಾತಾಡಿದರಂತೆ. “ನನಗೂ ಒಂದು ಮಾತು ಕೊಟ್ಟಿದ್ರು. ನಾಗರ ಪಂಚಮಿಗೆ ಜೋಕಾಲಿ ಆಡಾಕ ತಪ್ಪದ ತವರಿಗೆ ಕಳಸ್ತೀವಿ ಅಂತ. ಪಂಚಮಿ ಬಂದಾಗೊಮ್ಮೆ ಗದ್ದಿ ನಾಟಿ ಹಚ್ಚಿರತಿತ್ತು. ಕೇಳಬಹುದು ಅನ್ನೂದ ನನಗ ಗೊತ್ತಾಗಲಿಲ್ಲ.”

ಮುಂದಿನ ವಾರ ವಿರುಪಣ್ಣನವರು ವ್ಯಾಪಾರದ ಮೇಲೆ ರಾಯಚೂರಿಗೆ ಹೋದರು. ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಯಾರೂ ಇರಲಿಲ್ಲ. ಗೌರಮ್ಮನವರು ಹಂಚು ಇಟ್ಟು, ತಮ್ಮ ಕೈಯಾರೆ ಸೊಸೆಗೆ ರೊಟ್ಟಿ ಬಡಿದರು. ಶಿವಲೀಲಾ ಫೋನಿನಲ್ಲಿ ಅದನ್ನು ಹೇಳುತ್ತ ಅತ್ತಳು. ನಾನೂ ಸ್ವಲ್ಪ ಕಣ್ಣೊರೆಸಿಕೊಂಡೆ. ಯುರೋಪಿನ ಯಾವ ತೀರ್ಪು ಓದಿಯೂ ನನಗೆ ಹೀಗಾಗಿರಲಿಲ್ಲ.

ಒಂದು ತೀರ್ಪು ಹೊರಬಿದ್ದರೆ ಅದನ್ನು ಯಾರು ಯಾರು ಎತ್ತಿಕೊಂಡು ಓಡುತ್ತಾರೆಂದು ಹೇಳಲಾಗದು. ಈ ಸಲ ಪಂಚಮಿಯ ಹಿಂದಿನ ದಿನ ವಿರುಪಣ್ಣನವರೇ ನನಗೆ ಫೋನ್ ಮಾಡಿದರು. ದನಿ ಕುಗ್ಗಿತ್ತು.

“ಬೀಗರ, ಇವರು ಅತ್ತಿ ಸೊಸಿ ನಿಮ್ಮ ಯುರೋಪಿಂದೇನೋ ಮಾತಾಡಾಕತ್ತಾರ. ಮನಿಯಾಕಿ ತವರಿಗೆ ಹೋಗ್ಯಾಳ್ರಿ, ಕುಷ್ಟಗಿಗೆ. ಆಧಾರ್ ಕಾರ್ಡ್ ತೋರಿಸಿ ಪುಕ್ಕಟೆ ಬಸ್ಸಿನ್ಯಾಗ. ಹೋಗಲಿ ಬಿಡ್ರಿ. ಆದ್ರ ಬಿಟ್ಟುಹೋದ ಪಂಚಮಿ ಎಲ್ಲಾ ಸೇರಿಸಿ ಇದ್ದು ಬರ್ತೀನಿ ಅಂತಾಳ. ಆ ಕಾನೂನು ಹಿಂದಿನ ವರ್ಷಗಳಿಗೂ ನಡಿತೈತೇನ್ರಿ?”

“ಇದರಾಗ ವಿದ್ವಾಂಸರಲ್ಲಿ ಎರಡು ಅಭಿಪ್ರಾಯ ಅದಾವ್ರಿ” ಎಂದೆ.

“ಎರಡೂ ಬ್ಯಾಡ್ರಿ. ಆಕಿ ಯಾವಾಗ ಬರ್ತಾಳ ಅಷ್ಟ ಕೇಳಿ ಹೇಳ್ರಿ.”

ಬೀಗರ ಕಷ್ಟ ನೋಡಲಾಗದೆ ಮರುದಿನ ಕುಷ್ಟಗಿಗೆ ಫೋನ್ ಹಚ್ಚಿದೆ. ಗೌರಮ್ಮನವರ ತಮ್ಮನ ಹೆಂಡತಿ ಎತ್ತಿಕೊಂಡರು. ಅಕ್ಕಾರು ಜೋಕಾಲಿ ಮೇಲೆ ಅದಾರ್ರಿ ಎಂದರು. ಇಳಿದ ಮೇಲೆ ಮಾತಾಡಿಸಿರಿ ಎಂದೆ.

“ಮುಂಜಾನಿಂದ ನಾವೂ ಅದನ್ನ ಕಾಯಾಕತ್ತೇವ್ರಿ” ಎಂದರು ಅವರು.