ನನ್ನನ್ನು ನಾನೇ ವಿಚಾರಿಸಲು ಹೋದದ್ದು

ಐವತ್ತು ದಾಟಿದ ಗಂಡಸು ತನ್ನ ಬಗ್ಗೆ ಹೊಸದಾಗಿ ತಿಳಿಯಬೇಕಾದದ್ದು ರಕ್ತದಲ್ಲಿನ ಸಕ್ಕರೆ ಎಷ್ಟು ಎಂಬುದೊಂದೇ ಎಂದು ನಾನು ನಂಬಿದ್ದೆ. ಈ ನಂಬಿಕೆಯನ್ನು ಕೆಡಿಸಿದ್ದು ಹೆದ್ದಾರಿ ಪಕ್ಕದ ರಾಗಿಹೊಲಗಳಲ್ಲಿ ಎದ್ದ ಹೊಸ ಕಾರ್ಖಾನೆ. ರಾಮನಗರದಲ್ಲಿ ನಾನಿದ್ದ, ಗೂಡಿನಿಂದ ನೂಲು ತೆಗೆಯುವ ರೇಷ್ಮೆ ಬಿಚ್ಚಾಣಿಕೆಯ ಘಟಕ ಬಾಗಿಲು ಹಾಕಿದ ಮೇಲೆ ಈ ಕಾರ್ಖಾನೆಯ ಸ್ಟೋರ್ಸಿಗೆ ಸೇರಿದ್ದೆ. ಒಂದು ಶನಿವಾರ, ನನ್ನ ಮಗಳ ವಯಸ್ಸಿನ ಆಫೀಸರಮ್ಮ ಹಾಳೆಯೊಂದನ್ನು ಕೊಟ್ಟು, "ಸರ್, ನಿಮ್ಮ ಪ್ರೊಫೈಲ್ ಬರ್ಕೊಂಡ್ ಬನ್ನಿ. ಎಡಗಡೆ ಸ್ಟ್ರೆಂತು, ಬಲಗಡೆ ವೀಕ್ನೆಸ್ಸು. ಸೋಮವಾರ ಬೇಕು," ಎಂದಳು.

ಹಿಂದೆ ಈ ಕೆಲಸವನ್ನು ಜಾತಕ ಮಾಡುತ್ತಿತ್ತು. ಅದರಲ್ಲೊಂದು ಸೌಕರ್ಯವಿತ್ತು: ನಮ್ಮ ಕೊರತೆಗೆಲ್ಲ ಶನಿಯೋ ರಾಹುವೋ ಜವಾಬ್ದಾರರಾಗುತ್ತಿದ್ದರು. ನಾನು ಪಳಗಿದ ರೇಷ್ಮೆಗೂಡಿನ ಮಾರುಕಟ್ಟೆಯ ಕ್ರಮವೂ ಘನವಾದದ್ದೇ. ಕೊಳ್ಳುವವನು ರಾಶಿಯೊಳಕ್ಕೆ ಮೊಣಕೈವರೆಗೆ ಕೈ ತೂರಿಸಿ, ತಳದ ಗೂಡನ್ನು ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ ನೋಡುತ್ತಾನೆ. ಗೂಡನ್ನೇ ಕರೆದು "ನಿನ್ನ ದೌರ್ಬಲ್ಯವೇನು?" ಎಂದು ಕೇಳುವಷ್ಟು ನಾಗರಿಕತೆ ಅಲ್ಲಿಗೆ ಇನ್ನೂ ಬಂದಿರಲಿಲ್ಲ.

ಎಡಗಡೆ ಬೇಗ ತುಂಬಿತು. ಆತ್ಮಸ್ತುತಿ ಪಾಪವೆಂದು ಹಿರಿಯರು ಹೇಳಿದ್ದರೂ, ಕಂಪನಿಯ ಹಾಳೆಯ ಮೇಲೆ ಮಾಡಿದ್ದು ಕಂಪನಿಯ ಲೆಕ್ಕಕ್ಕೇ ಹೋಗುತ್ತದೆಂದು ಸಮಾಧಾನ ಮಾಡಿಕೊಂಡೆ. ಬಲಗಡೆ ಮಾತ್ರ ಬಿಳಿಯಾಗಿ ಉಳಿಯಿತು.

ಜಯಮ್ಮ ಇದ್ದಿದ್ದರೆ ಹಾಳೆ ಸಾಲುತ್ತಿರಲಿಲ್ಲ. ಮಂಚದ ಮೇಲೆ ಒದ್ದೆ ಟವೆಲ್ಲು, ಬಸ್ಸಿನಲ್ಲಿ ಬಿಟ್ಟುಬಂದ ಛತ್ರಿ, ಗೊರಕೆ: ನನ್ನ ಹೆಂಡತಿಯ ಸುಪ್ರಭಾತ ಇವುಗಳಿಂದಲೇ ಆರಂಭವಾಗುತ್ತಿತ್ತು. ಅವಳು ಹೋದ ಮೇಲೆ ನಾನು ಇದ್ದಕ್ಕಿದ್ದಂತೆ ನಿರ್ದೋಷಿಯಾಗಿಬಿಟ್ಟೆ. ಕೆಲವೊಮ್ಮೆ ಬೇಕೆಂದೇ ಟವೆಲ್ಲನ್ನು ಮಂಚದ ಮೇಲೆ ಎಸೆಯುತ್ತೇನೆ. ಅದು ಅಲ್ಲೇ, ಯಾರ ತಕರಾರೂ ಇಲ್ಲದೆ, ಒಣಗುತ್ತದೆ.

ಆದರೆ ಟವೆಲ್ಲು, ಛತ್ರಿಗಳನ್ನು ಮೀರಿ ಅವಳು ನನ್ನಲ್ಲಿ ಕಂಡಿದ್ದ ನಿಜವಾದ ಕೊರತೆ ಯಾವುದು? ಕಂಪನಿಗೆ ಬೇಕಿತ್ತೋ ಇಲ್ಲವೋ, ನನಗೆ ಅದು ಬೇಕಾಗಿತ್ತು. ಅವಳ ಬಾಯಿಂದ ಇನ್ನೊಂದೇ ಒಂದು ದೂರು.

ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹುಡುಗನ ಮನೆಯವರ ಮಾತನ್ನು ಯಾರೂ ನಂಬುವುದಿಲ್ಲ. ಹೆಣ್ಣಿನ ತಂದೆ ಹುಡುಗನ ಊರಿನಲ್ಲಿ ಬಸ್ಸಿಳಿದು, ದಾರಿಹೋಕನಂತೆ ಟೀ ಅಂಗಡಿಯಲ್ಲಿ ಕುಳಿತು, ಮೆಲ್ಲಗೆ ವಿಚಾರಿಸುತ್ತಾನೆ. ಕುದೂರಿನ ನನ್ನ ಮಾವ ಹೀಗೇ ನಮ್ಮ ವಿರೂಪಾಕ್ಷಿಪುರಕ್ಕೆ ಬಂದುಹೋಗಿದ್ದರಂತೆ. ಸರಿ, ಭಾನುವಾರ ನಾನೂ ಅದೇ ಅಂಗಡಿಗೆ ಹೋದೆ. ಊರು ಬಿಟ್ಟು ಬಹುಕಾಲವಾಗಿತ್ತು. ತಲೆಗೂದಲೂ ನನ್ನನ್ನು ಬಿಟ್ಟಿತ್ತು. ಯಾರೂ ಗುರುತು ಹಿಡಿಯಲಾರರೆಂಬ ಧೈರ್ಯದಿಂದ, "ಈರೇಗೌಡರ ಎರಡನೇ ಮಗ ಹೇಗೆ? ಒಂದು ಸಂಬಂಧದ ವಿಚಾರ," ಎಂದೆ.

ಬೆಂಚಿನ ಮೇಲಿದ್ದ ಯುವಕನೊಬ್ಬ ತಕ್ಷಣ, "ಬಂಗಾರದಂತ ಮನ್ಸ ಕಣಣ್ಣೋ! ಕಣ್ಮುಚ್ಕೊಂಡ್ ಕೊಡಿ," ಎಂದ. ಅವನು ಹುಟ್ಟಿದಾಗಿನಿಂದ ನನ್ನನ್ನು ನೋಡಿಯೇ ಇಲ್ಲ. ಕೂಡುವ ಸಂಬಂಧ ಮುರಿದ ಪಾಪ ಊರಿಗೆ ಬೇಡವೆಂದು ನಮ್ಮವರು ಎಲ್ಲ ಗಂಡುಗಳನ್ನೂ ಹೀಗೇ ಹೊಗಳುತ್ತಾರೆ; ಇದನ್ನು ಮರೆತು ನಾನು ಬಸ್ಸು ಹತ್ತಿದ್ದೆ.

ಒಲೆಯ ಹಿಂದಿನಿಂದ ಅಂಗಡಿಯ ಮುದುಕ ಬೋರಣ್ಣ ನನ್ನನ್ನೇ ದಿಟ್ಟಿಸಿದ. "ಈ ವಯಸ್ನಾಗೆ ಎಲ್ಡನೇ ಸಂಬಂಧವೇನ್ಲಾ? ಅದೂ ನಿನ್ ಬಗ್ಗೆ ನೀನೇ ಕೇಳ್ಕಂಡ್ ಬಂದಿದ್ದೀಯ!"

ಯುವಕ ಕೆಮ್ಮಿ ಎದ್ದುಹೋದ. ನಾನು ಹಾಳೆಯ ಕಥೆ ಹೇಳಿದೆ. ಬೋರಣ್ಣ ನಗಲಿಲ್ಲ.

"ನಿಮ್ಮಾವ ಬಂದಾಗ ಊರೋರೆಲ್ಲ ಹಿಂಗೇ ಹೊಗಳುದ್ರು. ನಾನೊಬ್ಬ ಮಾತ್ರ, 'ಹುಡ್ಗ ಒಳ್ಳೇನೆ, ಆದ್ರೆ ಬೇಕು ಅಂತ ಬಾಯ್ಬುಟ್ಟು ಕೇಳಾಕಿಲ್ಲ. ಹಸ್ಕೊಂಡಿದ್ರೂ ಖಾಲಿ ತಟ್ಟೆ ನೋಡ್ಕಂಡ್ ಕುಂತ್ಬುಡ್ತಾನೆ' ಅಂದ್ಬುಟ್ಟೆ. ಸಂಬಂಧ ಮುರೀತು ಅನ್ಕೊಂಡೆ ಕಣಪ್ಪ."

"ಮತ್ತೆ?"

"ಲಗ್ನದ ದಿನ ನಿಮ್ಮಾವನೇ ಹೇಳ್ದ. ಮಗಳಿಗೆ ಅದ ಹೇಳಿದ್ದಕ್ಕೆ, 'ಕೇಳ್ದೋರ್ಗೆ ಯಾರ್ ಬೇಕಾದ್ರೂ ಇಕ್ತಾರೆ ಕಣಪ್ಪ. ಕೇಳ್ದೆ ಇರೋರ್ಗೆ ಇಕ್ಕಾಕೆ ಒಬ್ರು ಬ್ಯಾಡ್ವಾ?' ಅಂದ್ಳಂತೆ."

ನಾನು ಟೀ ಕುಡಿದೆ, ಅಥವಾ ಕುಡಿಯುವವನಂತೆ ಲೋಟವನ್ನು ಮುಖಕ್ಕೆ ಅಡ್ಡ ಹಿಡಿದೆ. ಎರಡನೇ ಮುದ್ದೆ ತಾನಾಗಿ ತಟ್ಟೆಗೆ ಬೀಳುತ್ತದೆ, ಬೆನ್ನು ನೋಯುವ ದಿನ ಬಿಸಿನೀರು ತಾನಾಗಿ ಕಾಯುತ್ತದೆ; ಸಂಸಾರವೆಂದರೆ ಹೀಗೆ ತಾನಾಗಿ ನಡೆಯುವ ವ್ಯವಸ್ಥೆ ಎಂದು ನಾನು ತಿಳಿದಿದ್ದೆ. ದಿನಾ ಅಷ್ಟೊಂದು ದೂರು ಹೇಳಿದವಳು ಇದೊಂದನ್ನು ಮಾತ್ರ ಕೊನೆಯವರೆಗೂ ಬಾಯಿಬಿಡಲಿಲ್ಲ.

ಸೋಮವಾರ ಬಲಗಡೆ ಬರೆದುಕೊಟ್ಟೆ: "ಬೇಕಾದದ್ದನ್ನು ಕೇಳುವುದಿಲ್ಲ." ಆಫೀಸರಮ್ಮನ ಮುಖ ಅರಳಿತು. "ಸರ್, ಇದು ವೀಕ್ನೆಸ್ ಅಲ್ಲ! ಮ್ಯಾನೇಜ್‌ಮೆಂಟ್‌ಗೆ ಇಂಥೋರೇ ಬೇಕು," ಎಂದು ಅದನ್ನು ಹೊಡೆದುಹಾಕಿ, ಎಡಗಡೆ ಮುದ್ದಾಗಿ ಬರೆದುಕೊಂಡಳು. ಜಯಮ್ಮ ಒಂದು ಜನ್ಮವಿಡೀ ಹೊತ್ತದ್ದು ಹೀಗೆ ಒಂದು ಗೀಟಿನಲ್ಲಿ ನನ್ನ ಗುಣವಾಯಿತು.

ಅವತ್ತು ಮಧ್ಯಾಹ್ನ ಕ್ಯಾಂಟೀನಿನಲ್ಲಿ ನನ್ನ ತಟ್ಟೆಯಲ್ಲಿ ಅನ್ನ ಉಳಿದು ಸಾರು ಮುಗಿಯಿತು. ಬಡಿಸುವವನು ಎರಡು ಸಲ ಹಾಗೇ ಹಾದುಹೋದ. ಮೂರನೆಯ ಸಲ ಗಂಟಲು ಸರಿಮಾಡಿಕೊಂಡು, "ಒಸಿ ಸಾರು ಹಾಕಪ್ಪಾ," ಎಂದೆ. ಅವನು ಸೌಟು ತುಂಬ ಹಾಕಿದ. ಜಗತ್ತು ಅಷ್ಟೇನೂ ಕೆಟ್ಟದ್ದಲ್ಲ, ಕೇಳಿದರೆ ಕೊಡುತ್ತದೆ. ಕೇಳಿ ಹಾಕಿಸಿಕೊಂಡ ಸಾರಿಗೆ ಉಪ್ಪು ಒಂದು ಕಲ್ಲು ಕಡಿಮೆ, ಅಷ್ಟೆ.